ರಸ್ತೆ ಮುಚ್ಚೋದಾ, ತೆರೆದಿಡೋದಾ? 1940ರ ಇಂಗ್ಲೆಂಡಿನ ಒಂದು ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಈ ಪ್ರಕರಣದಲ್ಲಿ ಶತ್ರು ಬರಲೇ ಇಲ್ಲ. 1940ರ ಬೇಸಿಗೆ ಪೂರ್ತಿ ಇಂಗ್ಲೆಂಡಿನ ಜನ ಜರ್ಮನ್ ಟ್ಯಾಂಕ್ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ರಸ್ತೆ ರಸ್ತೆಗೂ ಅಡ್ಡ ಕಟ್ಕೊಂಡು ಕಾದ್ರು, ಟ್ಯಾಂಕ್ ಬರಲಿಲ್ಲ. ಹಂಗಾಗಿ ಆ ಕಾಲದ ಯಾವ ಐಡಿಯಾ ಗೆಲ್ತಿತ್ತು ಯಾವುದು ಸೋಲ್ತಿತ್ತು ಅಂತ ಯಾರು ಖಡಾಖಂಡಿತವಾಗಿ ಹೇಳಿದ್ರೂ ಅದು ಊಹೆನೇ. ಆದ್ರೆ ಆ ಐಡಿಯಾಗಳು ತಮ್ಮ ಕಡೆಯವರಿಗೇ ಏನು ಮಾಡಿದ್ವು ಅನ್ನೋದು ಚೆನ್ನಾಗಿ ದಾಖಲಾಗಿದೆ, ನನಗೆ ಈ ಕೇಸ್ ಮುಖ್ಯ ಅನ್ಸಿದ್ದು ಅದಕ್ಕೇ. ಸೇನಾಪತಿಗಳು, ಮಂತ್ರಿಗಳ ಹೆಸರು ಹೇಗೂ ಇತಿಹಾಸದಲ್ಲಿದೆ, ಅವನ್ನ ಹೇಳ್ತೀನಿ. ರಾತ್ರಿ ಕಾವಲಲ್ಲಿ ಬಂದೂಕು ಹಿಡಿದು ನಿಂತಿದ್ದ ಸಾಮಾನ್ಯ ಜನ, ಅವರ ಗುಂಡಿಗೆ ಸತ್ತ ಸಾಮಾನ್ಯ ಜನ, ಇವರ ಹೆಸರು ಊರು ಯಾವುದನ್ನೂ ಬರೆಯಲ್ಲ. ಅವರಲ್ಲಿ ಯಾರೂ ಕೆಟ್ಟವರಲ್ಲ, ಕೆಟ್ಟಿದ್ದು ವ್ಯವಸ್ಥೆ.

ಹಿನ್ನೆಲೆ

1940ರ ಮೇ 10ಕ್ಕೆ ಜರ್ಮನಿ ಪಶ್ಚಿಮದ ಕಡೆ ನುಗ್ಗೋಕೆ ಶುರು ಮಾಡ್ತು, 13ಕ್ಕೆ ಫ್ರಾನ್ಸಿನ ಸೆಡಾನ್ ಹತ್ರ ಮ್ಯೂಸ್ ನದಿ ದಾಟಿದ್ರು, 20ಕ್ಕೆ ಅವರ ಟ್ಯಾಂಕ್‌ಗಳು ಸಮುದ್ರದ ದಡದಲ್ಲಿದ್ವು. ಬರೀ ಹತ್ತು ದಿನ. ಈ ಹತ್ತು ದಿನದಲ್ಲಿ ಫ್ರಾನ್ಸಿನ ರಸ್ತೆಗಳ ಮೇಲೆ ಆಗಿದ್ದೇ ಇಂಗ್ಲೆಂಡನ್ನ ಹೆದರಿಸಿದ್ದು. ಲಕ್ಷಾಂತರ ಜನ ಹಾಸಿಗೆ ಪಾತ್ರೆ ಗಾಡಿಗೆ ಹೇರ್ಕೊಂಡು ಓಡಿದ್ರು, ರಸ್ತೆ ತುಂಬಿ ಹೋಯ್ತು, ಮುಂದೆ ಹೋಗಬೇಕಾದ ಸೈನ್ಯ ಆ ಗದ್ದಲದಲ್ಲೇ ಸಿಕ್ಕಾಕ್ಕೊಳ್ತು, ಜರ್ಮನ್ ಟ್ಯಾಂಕ್‌ನವರು ದಾರೀಲಿ ಸಿಕ್ಕ ಪೆಟ್ರೋಲ್ ಬಂಕ್‌ಗಳಲ್ಲೇ ಟ್ಯಾಂಕ್ ತುಂಬಿಸ್ಕೊಂಡು ಮುಂದೆ ಹೋದ್ರು. ಅಂದ್ರೆ ರಸ್ತೆ ಯಾರ ಕೈಲಿದೆಯೋ ಯುದ್ಧ ಅವರ ಕೈಲಿ ಅನ್ನೋ ಹಂಗಾಗಿತ್ತು.

ಫ್ರಾನ್ಸಿನ ಕರಾವಳಿ ಊರು ಡನ್‌ಕರ್ಕ್‌ನಿಂದ 3,38,226 ಜನ ಸೈನಿಕರು ಜೀವ ಉಳಿಸ್ಕೊಂಡು ಇಂಗ್ಲೆಂಡಿಗೆ ಬಂದ್ರು, ಅದು ದೊಡ್ಡ ಸಮಾಧಾನ. ಆದ್ರೆ ಅವರು ಬಂದಿದ್ದು ಬರಿಗೈಲಿ. 60 ಸಾವಿರಕ್ಕೂ ಜಾಸ್ತಿ ವಾಹನ, 400ಕ್ಕೂ ಹೆಚ್ಚು ಟ್ಯಾಂಕ್, ತೆಗೆದ್ಕೊಂಡು ಹೋಗಿದ್ದ ಆಂಟಿ ಟ್ಯಾಂಕ್ ಗನ್‌ಗಳಲ್ಲಿ ಬಹುಪಾಲು ಅಲ್ಲೇ ಬಿಟ್ಟು ಬರಬೇಕಾಯ್ತು. ಇಡೀ ಬ್ರಿಟನ್ನಿನಲ್ಲಿ ಉಳಿದಿದ್ದ ಆಂಟಿ ಟ್ಯಾಂಕ್ ಗನ್ 200 ಕೂಡ ಇರಲಿಲ್ಲ. ಯುದ್ಧ ಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಇಲ್ಲಿ ಅಭ್ಯಾಸ ಮಾಡೋಕೆ ಶಸ್ತ್ರಾನೂ ಇರಲಿಲ್ಲ.

ಇದರ ಮಧ್ಯೆ ಮೇ 14ರ ಸಂಜೆ ಯುದ್ಧ ಮಂತ್ರಿ ಆಂಥನಿ ಈಡನ್ ರೇಡಿಯೋದಲ್ಲಿ ಮಾತಾಡಿ, 17ರಿಂದ 65 ವಯಸ್ಸಿನ ಗಂಡಸರು ತಮ್ಮ ತಮ್ಮ ಊರು ಕಾಯೋಕೆ ಹೆಸರು ಕೊಡಿ ಅಂತ ಕರೆದ್ರು. ಮೊದಲ ಏಳು ದಿನಕ್ಕೇ ಸುಮಾರು ಎರಡೂವರೆ ಲಕ್ಷ ಜನ ಬಂದ್ರು. ರೈತರು, ಗುಮಾಸ್ತರು, ಮೊದಲನೇ ಮಹಾಯುದ್ಧ ಮುಗಿಸಿ ಮನೇಲಿ ಕೂತಿದ್ದ ಹಳೇ ಸಿಪಾಯಿಗಳು. ಯೂನಿಫಾರ್ಮ್ ಇಲ್ಲ, ತೋಳಿಗೆ ಒಂದು ಪಟ್ಟಿ, ಕೈಲಿ ಬೇಟೆ ಬಂದೂಕು ಅಥವಾ ಅದೂ ಇಲ್ಲ. ಆಮೇಲೆ ಹೋಮ್ ಗಾರ್ಡ್ ಅಂತ ಹೆಸರಾಗಿದ್ದು ಇದಕ್ಕೇ.

ಸಮಸ್ಯೆ ಏನಿತ್ತು

ಗನ್ ಇಲ್ದೆ ಟ್ಯಾಂಕ್ ನಿಲ್ಲಿಸೋದು ಹೆಂಗೆ, ಪ್ರಶ್ನೆ ಇಷ್ಟೇ. ಟ್ಯಾಂಕ್ ಹೊಲಕ್ಕಿಳಿದೂ ಹೋಗುತ್ತೆ ನಿಜ, ಆದ್ರೆ ಅದಕ್ಕೆ ಡೀಸಲ್ಲೋ ಪೆಟ್ರೋಲೋ, ಗುಂಡು, ಊಟ ತರೋ ಲಾರಿಗಳು ರಸ್ತೆ ಬಿಟ್ಟು ದೂರ ಹೋಗಕ್ಕಾಗಲ್ಲ. ದಕ್ಷಿಣ ಇಂಗ್ಲೆಂಡಿನ ಹಳ್ಳಿ ರಸ್ತೆಗಳು ಕಿರಿದು, ಎರಡೂ ಕಡೆ ದಟ್ಟ ಬೇಲಿ, ಕೆಲವು ಕಡೆ ರಸ್ತೆನೇ ತಗ್ಗಲ್ಲಿ ಹೋಗಿ ಪಕ್ಕದ ದಿಬ್ಬ ಆಳೆತ್ತರ ನಿಂತಿರುತ್ತೆ. ಒಂದು ಸಲ ಒಳಗೆ ಹೊಕ್ಕ ದೊಡ್ಡ ಗಾಡಿ ತಿರುಗಿಸ್ಕೊಂಡು ಬರೋದು ಕಷ್ಟ. ಭೂಮಿ ಅವರ ಪರವಾಗೇ ಇತ್ತು ಅನ್ನಬಹುದು.

ಆದ್ರೆ ಅದೇ ರಸ್ತೇಲಿ ಹಾಲಿನ ಗಾಡಿ ಹೋಗಬೇಕು, ಆಂಬುಲೆನ್ಸ್ ಹೋಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮದೇ ಸೈನ್ಯ ಹೋಗಬೇಕು. ಈ ಎರಡನೇ ಅರ್ಧನ ಮೊದಲ ಎರಡು ತಿಂಗಳು ಯಾರೂ ಸರಿಯಾಗಿ ಯೋಚನೆ ಮಾಡಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲ ಪ್ರಯತ್ನ: ಎಲ್ಲಾ ಕಡೆ ಅಡ್ಡ

ಮೇ 27ಕ್ಕೆ ಜನರಲ್ ಐರನ್‌ಸೈಡ್ ದೇಶದೊಳಗಿನ ಸೈನ್ಯದ ಮುಖ್ಯಸ್ಥರಾದ್ರು. ಅವರ ಹತ್ರ ಓಡಾಡೋ ಸೈನ್ಯ ಕಮ್ಮಿ, ಕೂತು ಕಾಯೋ ಜನ ಜಾಸ್ತಿ, ಹಂಗಾಗಿ ಅವರು ಸಾಲು ಸಾಲಾಗಿ ತಡೆಗೋಡೆ ಕಟ್ಟೋ ಪ್ಲ್ಯಾನ್ ಹಾಕಿದ್ರು. ಅದನ್ನ ಈಗ ತಪ್ಪು ಅನ್ನೋದು ಸುಲಭ, ಆದ್ರೆ ಇರೋ ಸಾಮಾನಲ್ಲಿ ಅವರು ಬೇರೆ ಏನು ಮಾಡಬಹುದಿತ್ತು ಅಂತ ಕೇಳಿದ್ರೆ ನನಗೂ ಥಟ್ ಅಂತ ಉತ್ತರ ಹೊಳೆಯಲ್ಲ. ನದಿ, ಕಾಲುವೆ, ರೈಲು ದಿಬ್ಬ ಇವನ್ನೆಲ್ಲ ಜೋಡಿಸಿ ಗೆರೆ ಎಳೆದ್ರು, ಆ ಗೆರೆ ರಸ್ತೆ ದಾಟೋ ಕಡೆಯೆಲ್ಲ ಕಾಂಕ್ರೀಟ್ ದಿಮ್ಮಿ ಇಟ್ರು, ಪಕ್ಕದಲ್ಲಿ ಪಿಲ್‌ಬಾಕ್ಸ್, ಅಂದ್ರೆ ಗುಂಡು ಹಾರಿಸೋಕೆ ಕಿಂಡಿ ಇರೋ ಸಣ್ಣ ಕಾಂಕ್ರೀಟ್ ಕೋಣೆ, ಕಟ್ಟಿದ್ರು.

ಹಳ್ಳಿ ಜನ ಇನ್ನೂ ಮುಂದೆ ಹೋದ್ರು. ಹೊಲದ ಗಾಡಿ, ಕಡಿದ ಮರ, ಹಳೇ ಕಾರು, ಮರಳು ಮೂಟೆ, ಏನು ಸಿಕ್ತೋ ಅದು ರಸ್ತೆಗೆ ಬಂತು. ದಾರಿ ತೋರಿಸೋ ಕೈಕಂಬಗಳನ್ನ ಕಿತ್ತಾಕಿದ್ರು, ಮೈಲಿಗಲ್ಲು ಹೂತ್ರು ಇಲ್ಲಾ ಅಕ್ಷರ ಅಳಿಸಿದ್ರು, ರೈಲ್ವೆ ಸ್ಟೇಷನ್ ಬೋರ್ಡ್ ಇಳಿಸಿದ್ರು, ಬಂದವನಿಗೆ ತಾನೆಲ್ಲಿದ್ದೀನಿ ಅಂತಾನೇ ಗೊತ್ತಾಗಬಾರದು ಅಂತ. ಕಾರು ನಿಲ್ಲಿಸಿ ಹೋಗೋರು ಇಂಜಿನ್ನಿನ ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ಚಿಕ್ಕ ಪಾರ್ಟ್ ಬಿಚ್ಚಿ ಜೇಬಿಗೆ ಹಾಕ್ಕೊಂಡು ಹೋಗಬೇಕಿತ್ತು, ಶತ್ರು ಕೈಗೆ ಓಡೋ ಗಾಡಿ ಸಿಗಬಾರದು. ಇದೊಂದು ಐಡಿಯಾ ನನಗೆ ತುಂಬಾ ಇಷ್ಟ. ಖರ್ಚಿಲ್ಲ, ಯಾರಿಗೂ ಏಟಾಗಲ್ಲ, ಪಾರ್ಟ್ ವಾಪಸ್ ಹಾಕಿದ್ರೆ ಗಾಡಿ ಮತ್ತೆ ನಿಮ್ಮದೇ.

ಏನಾಯ್ತು

ಜೂನ್ 2 ಮತ್ತು 3ರ ನಡುವಿನ ರಾತ್ರಿ, ಒಂದೇ ರಾತ್ರೀಲಿ, ಬೇರೆ ಬೇರೆ ಕಡೆ ನಾಲ್ಕು ಜನ ವಾಹನ ಸವಾರರು ಈ ಸ್ವಯಂಸೇವಕರ ಗುಂಡಿಗೆ ಸತ್ತು ಹೋದ್ರು. ನಿಲ್ಲು ಅಂದಾಗ ನಿಲ್ಲಲಿಲ್ಲ ಅಂತ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆಗ ಇಡೀ ದೇಶದಲ್ಲಿ ಬ್ಲ್ಯಾಕ್‌ಔಟ್, ಬೀದಿ ದೀಪ ಇಲ್ಲ, ಕಾರಿನ ಹೆಡ್‌ಲೈಟ್‌ಗೂ ಮುಸುಕು ಹಾಕಿರ್ತಿದ್ರು. ಆ ಕತ್ತಲಲ್ಲಿ ಇಂಜಿನ್ ಸದ್ದಿನ ಮಧ್ಯೆ ಯಾರೋ ಕೂಗಿದ್ರೆ ಡ್ರೈವರ್‌ಗೆ ಕೇಳಿಸೋದು ಡೌಟು. ಕೇಳಿಸಿದ್ರೂ, ಎದುರಿಗೆ ಮಾಮೂಲಿ ಬಟ್ಟೇಲಿ ಬಂದೂಕು ಹಿಡಿದವನು ಕಂಡ್ರೆ ಕಳ್ಳ ಅಂದ್ಕೊಳ್ಳಬೇಕಾ ಕಾವಲುಗಾರ ಅಂದ್ಕೊಳ್ಳಬೇಕಾ? ಇನ್ನು ಕಾವಲಲ್ಲಿದ್ದವನ ಕಡೆಯಿಂದ ನೋಡಿ, ಅವನು ಸೇರಿ ಮೂರು ವಾರ ಆಗಿಲ್ಲ, ಪ್ಯಾರಾಚೂಟ್‌ನಲ್ಲಿ ಇಳಿದ ಶತ್ರು ಕಾರು ಕಿತ್ಕೊಂಡು ಬರ್ತಾನೆ ಅಂತ ದಿನಾ ಕೇಳಿದ್ದಾನೆ, ಎದುರಿಗೆ ಬರೋ ಗಾಡಿ ನಿಧಾನ ಆಗ್ತಿಲ್ಲ, ಯೋಚಿಸೋಕೆ ಎರಡು ಮೂರು ಸೆಕೆಂಡು ಇದೆ. ಯಾವ ಸಿಗ್ನಲ್ ಕೊಡಬೇಕು, ಎಷ್ಟು ದೂರದಿಂದ, ನಿಲ್ಲದೇ ಇದ್ರೆ ಮೊದಲು ಏನು ಆಮೇಲೆ ಏನು, ಇದನ್ನ ಅವನಿಗೆ ಸರಿಯಾಗಿ ಹೇಳಿಕೊಡೋ ಮೊದಲೇ ಬಂದೂಕು ಕೊಟ್ಟಾಗಿತ್ತು. ರಸ್ತೆಗೆ ಅಡ್ಡ ಏನಿಡಬೇಕು ಅಂತ ಎಲ್ರೂ ತಲೆ ಓಡಿಸಿದ್ರು, ಅಡ್ಡದ ಹತ್ರ ನಿಂತ ಮನುಷ್ಯನ ತಲೇಲಿ ಏನಿರಬೇಕು ಅಂತ ಯೋಚಿಸಲಿಲ್ಲ. ಈ ನಾಲ್ಕು ಸಾವನ್ನ ಯುದ್ಧದ ಲೆಕ್ಕದಲ್ಲಿ ಚಿಕ್ಕದು ಅಂತ ಬಿಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ. ಯಾರದೋ ಮನೆಯವರು ಅವತ್ತು ರಾತ್ರಿ ಗಾಡಿ ಸದ್ದಿಗೆ ಕಾಯ್ತಾ ಕೂತಿದ್ರು.

ಆ ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರು 8,609 ಜನ, ಮುಂದಿನ ವರ್ಷ 9,169. ಅದಕ್ಕೆ ದೊಡ್ಡ ಕಾರಣ ಬ್ಲ್ಯಾಕ್‌ಔಟೇ, ಆದ್ರೆ ದೀಪ ಇಲ್ಲದ ರಸ್ತೆ ಮೇಲೆ ಕಾಂಕ್ರೀಟ್ ದಿಮ್ಮಿ ಇಡೋ ಮೊದಲು ಎರಡು ಸಲ ಯೋಚಿಸಬೇಕು ಅನ್ನೋಕೆ ಈ ಸಂಖ್ಯೆ ಸಾಕು. ಜೊತೆಗೆ ಊರೂರಿಗೆ ಒಂದೊಂದು ರೋಡ್‌ಬ್ಲಾಕ್ ಆದ ಮೇಲೆ ಮಿಲಿಟರಿ ಲಾರಿಗಳೂ ಹೆಜ್ಜೆ ಹೆಜ್ಜೆಗೂ ನಿಂತು ಗುರುತಿನ ಚೀಟಿ ತೋರಿಸಬೇಕಾಯ್ತು. ಕೈಕಂಬ ಇಲ್ದೆ ದಾರಿ ತಪ್ಪಿದ್ದು ಬೇರೆ ಊರಿಂದ ಬಂದ ತಮ್ಮದೇ ಡ್ರೈವರ್‌ಗಳು. ಸೈನ್ಯದವರ ಕೈಲಿ ಮ್ಯಾಪ್ ಇರುತ್ತೆ, ಜರ್ಮನ್ನರ ಕೈಲೂ ಇರ್ತಿತ್ತು ಅಂತ ಧಾರಾಳವಾಗಿ ಅಂದ್ಕೋಬಹುದು, ಮ್ಯಾಪ್ ಇಲ್ಲದವರು ಸಾಮಾನ್ಯ ಜನ ಮಾತ್ರ.

ತಿರುವು

ಎರಡು ಘಟನೆ ದಿಕ್ಕು ಬದಲಾಯಿಸಿದ್ವು. ಒಂದು ಸಣ್ಣದು. ಜುಲೈ 2ಕ್ಕೆ ಪ್ರಧಾನಿ ಚರ್ಚಿಲ್ ದಕ್ಷಿಣ ಕರಾವಳಿ ನೋಡೋಕೆ ಬಂದಾಗ ಅಲ್ಲಿದ್ದ 3ನೇ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಮುಖ್ಯಸ್ಥ ಮಾಂಟ್ಗೊಮರಿ ಒಂದು ನೇರ ಪ್ರಶ್ನೆ ಕೇಳಿದ್ರು. ದೇಶದಲ್ಲಿ ಪೂರ್ತಿ ಆಯುಧ ಇರೋ ಡಿವಿಷನ್ ಅಂದ್ರೆ ನಮ್ಮದು, ಆದ್ರೆ ನಮಗೇ ಓಡಾಡೋಕೆ ಗಾಡಿ ಇಲ್ಲ, ಬ್ರೈಟನ್ ಬೀದೀಲಿ ಬಸ್‌ಗಳು ಓಡ್ತಾ ಇವೆ, ಆ ಬಸ್ಸು ನಮಗೆ ಯಾಕೆ ಕೊಡಬಾರದು ಅಂತ. ಚರ್ಚಿಲ್‌ಗೆ ಇದು ತಟ್ಟಿತು, ಬಸ್ ಕೊಡಿಸಿದ್ರು. ಮಾತು ಬಸ್ಸಿನದು ನಿಜ, ಆದ್ರೆ ಅದರ ಹಿಂದೆ ಇನ್ನೊಂದು ಯೋಚನೆ ಇತ್ತು: ಸೈನ್ಯ ಒಂದೇ ಕಡೆ ಕೂರದೆ ಶತ್ರು ಎಲ್ಲಿ ಇಳೀತಾನೋ ಅಲ್ಲಿಗೆ ಓಡಬೇಕು. ಓಡಬೇಕು ಅಂದ್ರೆ ರಸ್ತೆ ತೆರೆದಿರಬೇಕು.

ಇನ್ನೊಂದು ದೊಡ್ಡದು. ಜುಲೈ 19ಕ್ಕೆ ಐರನ್‌ಸೈಡ್ ಜಾಗಕ್ಕೆ ಅಲನ್ ಬ್ರೂಕ್ ಬಂದ್ರು. ಬ್ರೂಕ್ ಫ್ರಾನ್ಸಿನಲ್ಲಿ ಒಂದು ಕೋರ್ (ಕೆಲವು ಡಿವಿಷನ್ ಸೇರಿದ ಪಡೆ) ನಡೆಸಿ ಹಿಂದಕ್ಕೆ ಬಂದವರು, ತುಂಬಿ ಹೋದ ರಸ್ತೇಲಿ ಸೈನ್ಯ ಸಾಗಿಸೋ ಕಷ್ಟ ಕಣ್ಣಾರೆ ಕಂಡವರು. ಅವರು ಉದ್ದುದ್ದ ಗೆರೆಗಳ ಮೇಲಿನ ನಂಬಿಕೆ ಬಿಟ್ರು, ಓಡಾಡೋ ಪಡೆಗೆ ಒತ್ತು ಕೊಟ್ರು, ಸಿಕ್ಕಸಿಕ್ಕ ಕಡೆಯೆಲ್ಲ ರಸ್ತೆ ಕಟ್ಟೋ ಹುಚ್ಚಿಗೆ ಕಡಿವಾಣ ಹಾಕಿದ್ರು. 1941ರ ಹೊತ್ತಿಗೆ ಗೆರೆ ಬದಲು ಕೆಲವು ಮುಖ್ಯ ಜಂಕ್ಷನ್ ಊರುಗಳನ್ನ ಮಾತ್ರ ಸುತ್ತಲೂ ಭದ್ರ ಮಾಡೋ ಪದ್ಧತಿ ಬಂತು.

ಆಮೇಲಿನ ಐಡಿಯಾಗಳು

ಈ ತಿರುವಿನ ಹೊತ್ತಿಗೇ ಬಂದ ಉಪಾಯಗಳು ಬೇರೆ ಜಾತಿಯವು. ಲಂಡನ್ ಪಕ್ಕದ ಆಸ್ಟರ್ಲಿ ಪಾರ್ಕ್‌ನಲ್ಲಿ ಜುಲೈ ತಿಂಗಳಲ್ಲೇ ಒಂದು ಖಾಸಗಿ ತರಬೇತಿ ಶಾಲೆ ಶುರುವಾಯ್ತು. ನಡೆಸಿದ್ದು ಟಾಮ್ ವಿಂಟ್ರಿಂಗ್‌ಹ್ಯಾಮ್, ಸ್ಪೇನ್ ಅಂತರ್ಯುದ್ಧದಲ್ಲಿ ಬ್ರಿಟಿಷ್ ಸ್ವಯಂಸೇವಕರ ತುಕಡಿ ನಡೆಸಿದ್ದವರು. ಜಾಗದ ಮಾಲೀಕರು ಒಪ್ಪಿದ್ರು, ಮನೆ ಮಾತ್ರ ಉಡಾಯಿಸಬೇಡಿ ಅಂದಿದ್ರಂತೆ. ಮೂರು ತಿಂಗಳಲ್ಲಿ ಸುಮಾರು ಐದು ಸಾವಿರ ಜನ ಅಲ್ಲಿ ಕಲಿತ್ರು. ಸ್ಪೇನ್‌ನಲ್ಲಿ ಬರಿಗೈ ಜನ ಟ್ಯಾಂಕ್ ಎದುರಿಸಿದ ಅನುಭವ ಅವರ ಬಂಡವಾಳ. ಪಾಠದ ತಿರುಳು ಏನಂದ್ರೆ ಮುಚ್ಚಳ ಹಾಕ್ಕೊಂಡ ಟ್ಯಾಂಕ್ ಒಳಗಿರೋ ಮನುಷ್ಯ ಅರ್ಧ ಕುರುಡ, ಒಂದು ಸಣ್ಣ ಸೀಳಿಂದ ನೋಡ್ತಾನೆ, ತೀರಾ ಪಕ್ಕದಲ್ಲಿ ಇರೋದು ಅವನಿಗೆ ಕಾಣಲ್ಲ, ಅವನ ಗನ್ ಅಷ್ಟು ಕೆಳಕ್ಕೂ ಬಗ್ಗಲ್ಲ. ಹಂಗಾದ್ರೆ ಕಟ್ಟಬೇಕಾಗಿದ್ದು ಟ್ಯಾಂಕಿಗಿಂತ ಗಟ್ಟಿ ಗೋಡೆ ಅಲ್ಲ, ಅವನ ಮನಸ್ಸಲ್ಲಿ ಒಂದು ಅನುಮಾನ.

ಇದೇ ಥರದ ಯೋಚನೆಯವು ಕಂಬಳಿ ಮತ್ತು ತಟ್ಟೆ. ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಒಂದು ತಂತಿ ಕಟ್ಟಿ ಕಂಬಳಿ ನೇತಾಕೋದು. ಕಂಬಳಿ ಟ್ಯಾಂಕ್ ತಡೆಯುತ್ತಾ? ಇಲ್ಲ. ಆದ್ರೆ ಅದರ ಹಿಂದೆ ಏನಿದೆ ಅಂತ ಡ್ರೈವರ್‌ಗೆ ಗೊತ್ತಿಲ್ಲ, ಗನ್ ಇರಬಹುದು ಗುಂಡಿ ಇರಬಹುದು, ಬ್ರೇಕ್ ಹಾಕ್ತಾನೆ. ಅವನು ನಿಂತ ಆ ಅರ್ಧ ನಿಮಿಷಕ್ಕೋಸ್ಕರ ಪಕ್ಕದ ದಿಬ್ಬದ ಮೇಲೆ ಜನ ಕಾಯ್ತಿರ್ತಾರೆ. ತಟ್ಟೆನೂ ಹಂಗೇ, ಸೂಪ್ ತಟ್ಟೆಗಳನ್ನ ರಸ್ತೆ ಮೇಲೆ ಬೋರಲು ಹಾಕಿದ್ರೆ ದೂರಕ್ಕೆ ಮೈನ್ (ನೆಲಬಾಂಬ್) ಥರಾನೇ ಕಾಣುತ್ತೆ, ಯಾರಾದ್ರೂ ಕೆಳಗಿಳಿದು ನೋಡಲೇಬೇಕು, ಇಳಿದವನಿಗೆ ಉಕ್ಕಿನ ಕವಚ ಇಲ್ಲ. ಅಡಿಗೆಮನೆ ಸಾಮಾನು, ಬೆಲೆ ಏನೂ ಇಲ್ಲ, ಆದ್ರೆ ಯೋಚನೆ ಎಷ್ಟು ಸ್ಪಷ್ಟ ನೋಡಿ. ಹಾಲಿನ ಗಾಡಿ ಬಂದ್ರೆ ಒಂದು ನಿಮಿಷದಲ್ಲಿ ಎತ್ತಿಡಬಹುದು ಬೇರೆ.

ರೋಡ್‌ಬ್ಲಾಕ್ ಕೂಡ ಇದೇ ದಾರಿ ಹಿಡೀತು. ರಸ್ತೆಯ ಎರಡು ಅಂಚಿಗೆ ಕಾಂಕ್ರೀಟ್ ದಿಮ್ಮಿ, ನಡುವೆ ರಸ್ತೆ ಮೈಯೊಳಗೆ ಸಾಲಾಗಿ ತೂತು, ಹಳೇ ರೈಲು ಕಂಬಿಗಳನ್ನ ಹೇರ್‌ಪಿನ್ ಥರ ಬಗ್ಗಿಸಿ ಪಕ್ಕದಲ್ಲಿ ಪೇರಿಸಿಟ್ಟಿರ್ತಿದ್ರು. ದಿನನಿತ್ಯ ಬಸ್ಸು ಲಾರಿ ಆರಾಮಾಗಿ ಹೋಗುತ್ತೆ, ಸುದ್ದಿ ಬಂತು ಅಂದ್ರೆ ಕಂಬಿ ತಂದು ತೂತಿಗೆ ನೆಟ್ಟು ಮುಚ್ಚೋದು. ಗಾಡಿ ಮರ ಅಡ್ಡ ಹಾಕಿದ ದಿನಗಳಿಗೂ ಇದಕ್ಕೂ ಎಷ್ಟು ವ್ಯತ್ಯಾಸ!

ಇನ್ನೊಂದು ಭಯಂಕರವಾದ್ದು, ಫ್ಲೇಮ್ ಫೂಗಾಸ್ ಅನ್ನೋ ಬೆಂಕಿ ಆಯುಧ. ಫ್ರಾನ್ಸ್ ಸೋತ ಮೇಲೆ ಬ್ರಿಟನ್ ಹತ್ರ ಜಾಸ್ತಿ ಇದ್ದ ಒಂದೇ ಸಾಮಾನು ಅಂದ್ರೆ ಪೆಟ್ರೋಲಿಯಂ. ಗನ್ ಇಲ್ಲ, ಎಣ್ಣೆ ಇದೆ, ಎಣ್ಣೆನೇ ಆಯುಧ ಮಾಡೋಣ ಅಂತ 1940ರ ಜುಲೈನಲ್ಲಿ ಅದಕ್ಕೇ ಒಂದು ಇಲಾಖೆ ತೆರೆದ್ರು. ಮೊದಲು ರಸ್ತೆ ಪಕ್ಕ ಪೈಪ್ ಹಾಕಿ ಎತ್ತರದ ಟ್ಯಾಂಕಿಯಿಂದ ಎಣ್ಣೆ ಹರಿಸಿ ಹೊತ್ತಿಸೋದು ನೋಡಿದ್ರು, ಅದಕ್ಕೆ ಬೇಕಾದ ಸಾಮಾನು ಜಾಸ್ತಿ. ಆಮೇಲೆ ಮೊದಲನೇ ಮಹಾಯುದ್ಧದಲ್ಲೇ ಇಂಥ ಕೆಲಸಕ್ಕೆ ಹೆಸರಾಗಿದ್ದ ವಿಲಿಯಂ ಲಿವೆನ್ಸ್ ಅವರ ಕಡೆಯಿಂದ ಸರಳವಾದ್ದು ಬಂತು, ರಸ್ತೆ ಪಕ್ಕದ ದಿಬ್ಬದೊಳಗೆ ಎಣ್ಣೆ ಡ್ರಮ್ ಹೂತಿಟ್ಟು, ಗಾಡಿ ಎದುರಿಗೆ ಬಂದಾಗ ದೂರದಿಂದ ಸಿಡಿಸಿದ್ರೆ ಸುಮಾರು 30 ಗಜ ಉದ್ದದ ಬೆಂಕಿ ನಾಲಿಗೆ ರಸ್ತೆ ಮೇಲೆ ಬೀಳುತ್ತೆ. ಕೊನೆಗೆ 7,000ಕ್ಕೂ ಹೆಚ್ಚು ಜಾಗದಲ್ಲಿ ಸುಮಾರು 50,000 ಡ್ರಮ್ ಇಟ್ಟಿದ್ರು. ಜಾಗ ಆರಿಸ್ತಿದ್ದಿದ್ದು ನೋಡಿದ್ರೆ ಕಲಿತ ಪಾಠ ಕಾಣುತ್ತೆ: ಕಡಿದಾದ ಏರು, ತಿರುವು, ರೋಡ್‌ಬ್ಲಾಕ್ ಎದುರು, ಗಾಡಿ ತಾನಾಗೇ ನಿಧಾನ ಆಗಬೇಕಾದ ಕಡೆ. ಹೊರಗೆ ಏನೂ ಕಾಣಲ್ಲ, ರಸ್ತೆ ಪೂರ್ತಿ ತೆರೆದಿರುತ್ತೆ. ಇದು ಮನುಷ್ಯರನ್ನ ಸುಡೋ ಆಯುಧ, ಹೊಗಳೋಕೆ ನನಗೆ ಮನಸ್ಸಿಲ್ಲ, ಅದನ್ನ ಯಾರ ಮೇಲೂ ಅಲ್ಲಿ ಬಳಸೋ ಪ್ರಸಂಗ ಬರಲಿಲ್ಲ ಅನ್ನೋದು ಒಳ್ಳೇದೇ ಆಯ್ತು.

ಎಲ್ಲಾ ಐಡಿಯಾನೂ ಹೀಗೆ ಅಂದವಾಗಿರಲಿಲ್ಲ. ಎಸೆದು ಒಡೆದ್ರೆ ಹೊತ್ಕೊಳ್ಳೋ, ರಂಜಕ ತುಂಬಿದ ಗಾಜಿನ ಬಾಟಲಿಗಳನ್ನ 1941ರ ಆಗಸ್ಟ್ ಹೊತ್ತಿಗೆ 60 ಲಕ್ಷಕ್ಕೂ ಜಾಸ್ತಿ ಮಾಡಿ ಹಂಚಿದ್ರು, ಮನೆ ಹತ್ರ ಇಡೋ ಹಂಗಿಲ್ಲ ಅಂತ ಅಲ್ಲಲ್ಲಿ ಹೂತಿಟ್ರು, ಎಷ್ಟೋ ಕಡೆ ಹೂತ ಜಾಗ ಮರೆತೇ ಹೋಯ್ತು. ಇವತ್ತಿಗೂ ಅಲ್ಲಿ ಪಾಯ ತೋಡುವಾಗ ಪೆಟ್ಟಿಗೆ ಸಿಕ್ಕಿ ಬಾಂಬ್ ಸ್ಕ್ವಾಡ್ ಕರೆಸ್ತಾರೆ. ಎಲ್ಲಿಟ್ಟಿದ್ದೀವಿ ಅಂತ ಒಂದು ಪುಸ್ತಕದಲ್ಲಿ ಬರೆದಿಡೋದೂ ರಕ್ಷಣೆಯ ಭಾಗವೇ.

ಏನು ಕಲಿತೆ

ನನಗೆ ಕಂಡಿದ್ದು ಇಷ್ಟು. ಮೇ, ಜೂನ್ ತಿಂಗಳ ಉಪಾಯಗಳು ರಸ್ತೆ ಮುಚ್ಚಿದ್ವು, ಅದರಿಂದ ತಮ್ಮವರಿಗೇ ಜಾಸ್ತಿ ತೊಂದರೆ. ಜುಲೈ ಆದಮೇಲೆ ಉಳ್ಕೊಂಡಿದ್ದು ರಸ್ತೆನ ತೆರೆದಿಟ್ಟು ಬೇಕಾದಾಗ ಮುಚ್ಚೋ ಉಪಾಯಗಳು. ಕಂಬಿ, ಕಂಬಳಿ, ತಟ್ಟೆ, ಡಿಸ್ಟ್ರಿಬ್ಯೂಟರ್ ಪಾರ್ಟ್, ಹೂತ ಡ್ರಮ್, ಎಲ್ಲದರಲ್ಲೂ ಅದೇ ಗುಣ. ಆದ್ರೆ ಬೇಕಾದಾಗ ಮುಚ್ಚೋದು ಅಂದ ತಕ್ಷಣ ಇನ್ನೊಂದು ಪ್ರಶ್ನೆ ಏಳುತ್ತೆ, ಆ "ಬೇಕಾದಾಗ" ಯಾವಾಗ, ಅದನ್ನ ಹೇಳೋರು ಯಾರು?

ಅದರ ಪರೀಕ್ಷೆ ಸೆಪ್ಟೆಂಬರ್ 7ರ ರಾತ್ರಿ ಆಯ್ತು. ಅವತ್ತು ಲಂಡನ್ ಮೇಲೆ ದೊಡ್ಡ ಬಾಂಬ್ ದಾಳಿ ಶುರುವಾಗಿತ್ತು. ಸೇನಾ ಮುಖ್ಯಾಲಯ "ಕ್ರಾಮ್‌ವೆಲ್" ಅಂತ ಒಂದು ಗುಪ್ತ ಪದ ಕಳಿಸ್ತು. ಅದರ ಅರ್ಥ ಶತ್ರು ಸೈನ್ಯ ಬಂದಿಳಿಯೋದು ಹತ್ತಿರ ಇರಬಹುದು, ಸೈನ್ಯ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲಿ ಅಂತ. ಕೇಳಿದ ಎಷ್ಟೋ ಜನ ಶತ್ರು ಆಗಲೇ ಇಳಿದ ಅಂದ್ಕೊಂಡ್ರು. ಜೂನ್‌ನಿಂದ ಚರ್ಚ್ ಗಂಟೆ ಬಾರಿಸೋದು ನಿಷೇಧ ಇತ್ತು, ಶತ್ರು ಇಳಿದ್ರೆ ಮಾತ್ರ ಬಾರಿಸಬೇಕು. ಒಂದೂರಲ್ಲಿ ಯಾರೋ ಬಾರಿಸಿದ್ರು, ಅದನ್ನ ಕೇಳಿ ಪಕ್ಕದೂರಲ್ಲಿ ಬಾರಿಸಿದ್ರು, ಹೋಮ್ ಗಾರ್ಡ್ ಎದ್ದು ಬಂದು ರೋಡ್‌ಬ್ಲಾಕ್ ಮುಚ್ಚಿದ್ರು, ಕೆಲವು ಸೇತುವೆ ಕೂಡ ಉಡಾಯಿಸಿಬಿಟ್ರು. ಬೆಳಗಾದಾಗ ಶತ್ರು ಎಲ್ಲೂ ಇರಲಿಲ್ಲ. ಹತ್ತು ದಿನ ಆದ್ಮೇಲೆ, ಸೆಪ್ಟೆಂಬರ್ 17ಕ್ಕೆ, ಹಿಟ್ಲರ್ ಇಂಗ್ಲೆಂಡಿಗೆ ಸೈನ್ಯ ಇಳಿಸೋದನ್ನ ಮುಂದೂಡಿದ, ಆಮೇಲೆ ಅದು ನಡೀಲೇ ಇಲ್ಲ.

ಆ ರಾತ್ರಿಯ ಗೊಂದಲ ಆದಮೇಲೆ, ಯಾರನ್ನೂ ಶಿಕ್ಷಿಸೋದಕ್ಕಿಂತ ಮುಖ್ಯವಾಗಿ, ಮೇಲಿನವರು ನಿಯಮ ತಿದ್ದಿದ್ರು. ಇನ್ಮೇಲೆ ಗಂಟೆ ಬಾರಿಸೋಕೆ ಹೇಳಬೇಕಾದ್ರೆ ಆ ಹೋಮ್ ಗಾರ್ಡ್ ಸ್ವತಃ ತನ್ನ ಕಣ್ಣಿಂದ 25 ಪ್ಯಾರಾಚೂಟ್ ಸೈನಿಕರು ಇಳಿಯೋದನ್ನ ನೋಡಿರಬೇಕು. ಬೇರೆ ಊರಿನ ಗಂಟೆ ಕೇಳಿಸ್ತು ಅನ್ನೋ ಕಾರಣಕ್ಕೆ ಬಾರಿಸಂಗಿಲ್ಲ.